ಬಿಟ್ಟುಹೋದ ಕೊಂಬು

ಅಮೃತಶಿಲೆಯ ಹುಡಿ ಹುಬ್ಬಿಗೂ ಮೆತ್ತಿದೆ.
ತೀನೊಸ್ ದ್ವೀಪದ ಬಡಗಣ ಗಾಳಿ ಮೂರು ದಿನದಿಂದ
ಬಾಗಿಲ ಅಗುಳಿಯ ಜೊತೆ ಜಗಳಕ್ಕೆ ನಿಂತಿದೆ.
ಅನೆಝೀನಾ ಉಳಿ ಕೆಳಗಿಟ್ಟು
ತಾನು ಕೊರೆದದ್ದನ್ನು ಮೊದಲ ಸಲ ಓದುತ್ತಾಳೆ.

ಥ್ರಾಸಿವುಲೊಸ್. ರೇಖಾಗಣಿತದ ಮೇಷ್ಟರು.
ನಲವತ್ತೊಂದು ವರ್ಷ ಇದೇ ಊರಿನ ಕರಿಹಲಗೆಯ ಮೇಲೆ
ದಾರವಿಲ್ಲದೆ, ಕೈವಾರವಿಲ್ಲದೆ
ಒಂದೇ ಬೀಸಿಗೆ ವೃತ್ತ ಎಳೆಯುತ್ತಿದ್ದವರು.
ಅವರ ಗೋರಿಗಲ್ಲಿನಲ್ಲಿ
ವು ಹೋಗಿ ವೊ ಆಗಿದೆ.
ಕವಲುಕಡ್ಡಿಯಂಥ ಒಂದಕ್ಷರ,
ನಾವಾದರೆ ಕೊಂಬು ಎನ್ನುತ್ತಿದ್ದೆವು,
ಅವರದು ನಿಜಕ್ಕೂ ಎರಡು ಕೊಂಬು ಚಾಚಿ ನಿಂತಿರುತ್ತದೆ,
ಉಳಿಯ ಕೆಳಗಿಂದ ತಪ್ಪಿಸಿಕೊಂಡು
ಯಾವ ಗುಡ್ಡಕ್ಕೆ ಮೇಯಲು ಹೋಯಿತೋ.

ಕಾಗದವಾಗಿದ್ದರೆ ಹರಿಯಬಹುದಿತ್ತು.
ಕಲ್ಲಿಗೆ ದುಡ್ಡು ಸಂದಾಗಿದೆ.
ನಾಳೆ ಹತ್ತಕ್ಕೆ ಮೇಷ್ಟರ ಹೆಂಡತಿ ಬರುತ್ತಾರೆ.

ಮೇಸ್ತ್ರಿ ಯಾಕುಮಿಸ್ ಬೈಯಲಿಲ್ಲ.
ಕನ್ನಡಕ ಹಣೆಗೇರಿಸಿ, ಸಿಗರೇಟು ಆರಿಸಿ ಕಿವಿಗೆ ಸಿಕ್ಕಿಸಿ
"ಬಾ" ಎಂದ.

ಮುಳ್ಳುಪೊದೆ ದಾಟಿ, ಕುಸಿದ ಕಲ್ಲುಬೇಲಿ ದಾಟಿ
ಪಾರಿವಾಳದ ಗೂಡುಗೋಪುರ.
ಅದರ ತಳಗೋಡೆಗೆ ಯಾರೋ ಅಡ್ಡ ಹಾಕಿ ಕಟ್ಟಿದ ಹಳೆಯ ಚಪ್ಪಡಿ.
ಯಾಕುಮಿಸ್ ಕತ್ತು ವಾಲಿಸಿ, ಅಲ್ಲಲ್ಲಿ ತೊದಲಿ ಓದಿದ:
ಬಾವಿಯ ನೀರು ಕದ್ದವನಿಗೆ ಇಷ್ಟು ದಂಡ.
ಕಾವಲುಗಾರನೇ ಕದ್ದರೆ ಅದರ ಎರಡರಷ್ಟು.
ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನ ನೀರಿನ ಜಗಳ.
"ಅರಸನ ಹೆಸರೆಲ್ಲಿ?"
"ಇಲ್ಲ. 'ಊರಿಗೆ ಸರಿಯೆನಿಸಿತು' ಅಂತ ಶುರು, ನೋಡು."

ನಾಲ್ಕನೆಯ ಸಾಲು. ಎರಡಕ್ಷರದ ನಡುವೆ, ತುಸು ಮೇಲೆ
ಕಡಲೆಕಾಳಿನಷ್ಟೇ ಒಂದು ಸೊನ್ನೆ,
ಬಸ್ಸಿನಲ್ಲಿ ಸೀಟು ಸಿಗದ ಮಗುವಿನ ಹಾಗೆ
ಇಬ್ಬರ ಹೆಗಲ ನಡುವಿಂದ ಇಣುಕುತ್ತಿದೆ.

"ಅವನೂ ಬಿಟ್ಟಿದ್ದ," ಎಂದ ಯಾಕುಮಿಸ್.
"ಚೌಕದಲ್ಲಿ ನಿಲ್ಲಿಸಿದ ದಿನ
ಎಣ್ಣೆ ಮಾರುವವನೋ ಬಲೆ ಹೆಣೆಯುವವನೋ
ಬೆರಳಿಟ್ಟು ಓದಿ, ಇಲ್ಲೊಂದು ಕಮ್ಮಿ ಅಂದಿರಬೇಕು.
ಅನ್ನುವುದಕ್ಕೆ ಅವನಿಗೆ ಬಾಯಿತ್ತು.
ಅದಕ್ಕೇ ಅಲ್ಲವೆ, ಕಲ್ಲಿಗೆ ಬರೆದು ಬೀದಿಗಿಟ್ಟಿದ್ದು."

ಅನೆಝೀನಾ ಸೊನ್ನೆಯನ್ನು ತಡವಿದಳು.
"ನಾನಿದ್ದಿದ್ದರೆ?"
ಮೇಸ್ತ್ರಿ ಗಾಳಿಯ ಕಡೆ ನೋಡಿದ.
"ನಿನಗೆ ಬಾಯಿ ಕೊಡುತ್ತಿರಲಿಲ್ಲ. ಈ ಬಂಡೆ ಸೀಳಿದವನಿಗೂ.
ಅವನನ್ನು ಕೊಂಡು ತಂದಿದ್ದರು, ಎತ್ತಿನ ಹಾಗೆ.
ಅದು ಕೈತಪ್ಪಿ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.
ಅಲ್ಲಿ ಜಾಗ ಮಾಡಲು ಎಷ್ಟು ಜನ, ಎಷ್ಟು ಉಳಿ..."
ಪಾರಿವಾಳವೊಂದು ಅವನ ಟೊಪ್ಪಿಗೆಯ ಮೇಲೆ ಹೇತಿತು.
ಮಾತು ಅಲ್ಲಿಗೆ ನಿಂತಿತು.

ನನ್ನ ನುಡಿಯಲ್ಲಿ ತಿದ್ದುವುದೆಂದರೆ ಎರಡು:
ಯಾರೋ ಬರೆದುಕೊಟ್ಟ ಅಕ್ಷರದ ಮೇಲೆ ಬೆರಳೆಳೆದು ಕಲಿಯುವುದು,
ತಪ್ಪನ್ನು ಒಪ್ಪವಾಗಿಸುವುದು.
ಆ ರಾತ್ರಿ ದೀಪದಡಿ ಅವಳು ಎರಡನ್ನೂ ಮಾಡಿದಳು.
ಉಳಿಯ ಮೊನೆ ಊರಿ, ಮೊದಲು ಒಂದು ಚುಕ್ಕೆ.
ಕೇಂದ್ರೊ, ಎಂದುಕೊಂಡಳು, ಅವರ ಮಾತಿನಲ್ಲಿ.
ಅದೇ ಚುಚ್ಚು ಎಂದೋ ಕಡಲು ದಾಟಿ
ನಮ್ಮ ವೃತ್ತಗಳ ನಡುವೆಯೂ ಬಂದು ಕೂತಿದೆ.
ಕೇಂದ್ರ ಎನ್ನುತ್ತೇವೆ,
ಯಾರ ಮನೆಯ ಕೂಸೆಂದು ಕೇಳುವುದಿಲ್ಲ.

ಹತ್ತಕ್ಕೆ ಆರ್ಗಿರೊ ಬಂದರು,
ಕರಿಕೋಟಿನ ಗುಂಡಿ ಒಂದು ಮನೆ ತಪ್ಪಿ.
ಗಂಡನ ಹೆಸರಿನ ಮೇಲೆ ಬೆರಳು ನಡೆಸಿದರು.
ವೊ ಹತ್ತಿರ ಬೆರಳು ನಿಂತಿತು. ಮೇಲೇರಿತು.
ಎರಡು ಪುಟ್ಟ ಕೊಂಬು ಮೆಲ್ಲಗೆ ಹಾಯ್ದವು.

"ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು," ಎಂದರು,
"ನನ್ನ ಸಾಮಾನಿನ ಚೀಟಿಗೂ."
ನಕ್ಕರೋ, ಮೂಗು ಸೀಟಿದರೋ, ಗಾಳಿಯಲ್ಲಿ ತಿಳಿಯಲಿಲ್ಲ.

ಆಮೇಲೆ ಕೈಚೀಲ ತೆರೆದು
ಇಪ್ಪತ್ತು ಯೂರೋ ಕಡಿಮೆ ಮಾಡು ಎಂದರು.
ಅನೆಝೀನಾ ಹತ್ತು ಎಂದಳು.